ಎಡದ ಎತ್ತು ಎಂದು ಬರೆದಿದ್ದರು

ಅತ್ತಿಗೆ ಸತ್ತ ಮೇಲೆ ಅಣ್ಣ ಊಟ ಬಿಟ್ಟ. ದುಃಖಕ್ಕೆ ಬಿಟ್ಟನೆಂದು ಊರವರು ಆಡಿಕೊಂಡರು. ಹಾಗಲ್ಲ. ಅತ್ತಿಗೆ ಸತ್ತದ್ದು ಅವನಿಗೆ ಒಮ್ಮೊಮ್ಮೆ ನೆನಪಿರುತ್ತಿತ್ತು, ಒಮ್ಮೊಮ್ಮೆ ಇರುತ್ತಿರಲಿಲ್ಲ. ಅವನು ಊಟ ಬಿಟ್ಟದ್ದು ಎತ್ತು ಮನೆಗೆ ಬಂದಿಲ್ಲವೆಂದು.

ನಮ್ಮ ಅಪ್ಪ, ಅಪ್ಪನ ಅಪ್ಪ, ಯಾರೂ ಹೊಲದಿಂದ ಎತ್ತು ಬಂದು, ಗೋದಲಿಗೆ ಕಟ್ಟಿ, ಮೇವು ಹಾಕುವ ತನಕ ತಾಟಿನ ಮುಂದೆ ಕೂತವರಲ್ಲ. ಅಣ್ಣನೂ ಹಾಗೆಯೇ ಬದುಕಿದವನು. ಅವನ ಮಗ ಟ್ರ್ಯಾಕ್ಟರ್ ತಂದು ಎತ್ತು ಮಾರಿ ಬಹಳ ವರ್ಷವಾಯಿತು. ಆಮೇಲೂ ಅಣ್ಣ ಚೆನ್ನಾಗಿಯೇ ಉಣ್ಣುತ್ತಿದ್ದ. ತಲೆ ನೆಟ್ಟಗಿದ್ದಾಗ ಕಾಲ ಬದಲಾದದ್ದು ತಿಳಿಯುತ್ತಿತ್ತು. ತಲೆ ಸಡಿಲಾದ ಮೇಲೆ ಹಳೆಯದೆಲ್ಲ ಮೇಲೆ ಬಂತು, ಹೊಸದು ತಳಕ್ಕೆ ಹೋಯಿತು.

ಅವನ ಮನೆ ಹಿರೇಕೆರೂರಿನ ಹತ್ತಿರದ ಹಳ್ಳಿಯಲ್ಲಿ. ನಾನಿರುವುದು ಹಾನಗಲ್ಲಿನಲ್ಲಿ, ಮಗಳ ಮನೆಯಲ್ಲಿ. ಮಾವ ಉಣ್ಣುತ್ತಿಲ್ಲವೆಂದು ಅಣ್ಣನ ಸೊಸೆ ಫೋನು ಮಾಡಿದಳು. ಈಗ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ಚೀಲಕ್ಕೆ ಸೀರೆ ತುರುಕಿಕೊಂಡು ಹೋದೆ. ನೋಡಿದರೆ ಅಣ್ಣನ ಕೊರಳ ಎಲುಬು ಹೊರಗೆ ಬಂದಿದ್ದವು. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದ. ಮುಂದೆ ಒಂದು ಕಟ್ಟಿಗೆಯ ಎತ್ತು ನಿಲ್ಲಿಸಿಕೊಂಡಿದ್ದ.

"ಉಂಡೇನು?" ಎಂದೆ.

"ಎಡದ್ದು ಇನ್ನಾ ಬಂದಿಲ್ಲ. ಬರ್ಲಿ, ಉಣ್ತೇನಿ."

"ನಾ ಯಾರು, ಗೊತ್ತೈತೇನು?"

"ಗೊತ್ತೈತಿ. ಹಾನಗಲ್ಲಾಕಿ."

ಹೆಸರು ಹೇಳಲಿಲ್ಲ. ಊರಾದರೂ ನೆನಪಿದೆಯಲ್ಲ ಎಂದು ಚೀಲ ಕೆಳಗಿಟ್ಟೆ.

ಆ ಕಟ್ಟಿಗೆಯ ಎತ್ತು ನನಗೂ ಗುರುತು. ನಾವು ಸಣ್ಣವರಿದ್ದಾಗ ಕಾರಹುಣ್ಣಿಮೆಗೆ ಅಪ್ಪ ಹಾನಗಲ್ಲಿನ ಬಡಿಗೇರನಿಂದ ಮಾಡಿಸಿ ತಂದ ಜೋಡಿ. ಸಾಗವಾನಿ ಕಟ್ಟಿಗೆ, ಮೊಣಕೈ ಉದ್ದ. ಗಂಡು ಮಕ್ಕಳಿಗೆ ಹೀಗೆ ಜೋಡೆತ್ತು ಮಾಡಿಸಿಕೊಡುವ ರೂಢಿ ಆಗ ಅನುಕೂಲಸ್ಥರ ಮನೆಗಳಲ್ಲಿತ್ತು. ನನಗೆ ಏನೂ ಮಾಡಿಸಿರಲಿಲ್ಲ. ಅಣ್ಣ ಹೊರಗೆ ಹೋದಾಗ ನಾನು ಅವನ್ನೇ ಹೂಡಿ ಆಡುತ್ತಿದ್ದೆ.

ಕಟ್ಟಿಗೆಯ ಎತ್ತಾದರೂ ಎಡದ್ದು ಎಡದ್ದೇ, ಬಲದ್ದು ಬಲದ್ದೇ. ನಿಜವಾದ ಎತ್ತೂ ಹಾಗೆಯೇ. ಎಡಕ್ಕೆ ಹೂಡಿ ರೂಢಿಯಾದದ್ದನ್ನು ಬಲಕ್ಕೆ ಹೂಡಿದರೆ ನೊಗ ಮುರಿಯುತ್ತದೆ, ಇಲ್ಲವೆ ಹೊಡೆಯುವವನ ಕಾಲು ಮುರಿಯುತ್ತದೆ. ಬಡಿಗೇರರು ಗೊಂಬೆಯಲ್ಲೂ ಅದನ್ನು ತಪ್ಪಿಸುತ್ತಿರಲಿಲ್ಲ. ಜೂಲನ್ನು, ಅಂದರೆ ಬೆನ್ನಿನ ಮೇಲಿಂದ ಇಳಿಬೀಳುವ ಬಣ್ಣದ ಬಟ್ಟೆಯನ್ನು, ಹೊರಗಿನ ಮಗ್ಗುಲಿಗೆ ಮಾತ್ರ ಕೊರೆದು ಬಣ್ಣ ತುಂಬುತ್ತಿದ್ದರು. ಒಳಗಿನ ಮಗ್ಗುಲು ಜೋಡಿಯ ಕಡೆಗೆ ಇರುವುದರಿಂದ ಅದು ಬರಿ ಕಟ್ಟಿಗೆ. ಕತ್ತನ್ನು ಒಂದಿಷ್ಟು ಒಳಗಡೆಗೆ ತಿರುಗಿಸುತ್ತಿದ್ದರು. ಹೂಡಿ ನಿಲ್ಲಿಸಿದರೆ ಎರಡೂ ಒಂದರ ಮುಖ ಒಂದು ನೋಡುತ್ತಿದ್ದವು.

ಅಣ್ಣನ ಮಗ ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವಾಗ ಬಾಗಿಲು, ಕಂಬ, ತೊಲೆ ಎಲ್ಲ ಹಳೆ ಕಟ್ಟಿಗೆಯವನಿಗೆ ಹಾಕಿದ. ಅದರಲ್ಲಿ ಎಡದ ಎತ್ತೂ ಹೋಯಿತು. ಬಲದ್ದು ಹೇಗೋ ಕಾಳಿನ ಚೀಲದ ಹಿಂದೆ ಉಳಿದಿತ್ತು. ಆಗ ಅದಕ್ಕೆ ಯಾರೂ ಅಳಲಿಲ್ಲ. ಅಣ್ಣನೂ ಕೇಳಲಿಲ್ಲ. ಈಗ ಕೇಳತೊಡಗಿದ.

ಸೊಸೆ ಒಳ್ಳೆಯವಳು. ಬಾಯಿ ಜೋರು, ಕೈ ಮೆತ್ತಗೆ. ಹಿರೇಕೆರೂರಿನ ದೊಡ್ಡ ದವಾಖಾನೆಗೆ ತೋರಿಸಿದ್ದಳು. ಹಾಲಿಗೆ ಕಲಸುವ ಪುಡಿ ಬರೆದುಕೊಟ್ಟಿದ್ದರು. ಅಣ್ಣ ಅದನ್ನು ಬಾಯಲ್ಲಿ ತುಂಬಿಕೊಂಡು ಯಾರೂ ನೋಡದಾಗ ಕಂಬಳಿಯ ಅಂಚಿಗೆ ಉಗುಳುತ್ತಿದ್ದ. ಸಂತೆಯಲ್ಲಿ ಒಂದು ಪ್ಲಾಸ್ಟಿಕ್ ಎತ್ತು ಕೊಂಡು ತಂದು ಎಡಕ್ಕೆ ನಿಲ್ಲಿಸಿದಳು.

"ಮಾವಾರ, ಬಂತ್ ನೋಡ್ರಿ ಎಡದ್ದು. ಏಳ್ರಿ, ಉಣ್ರಿ."

ಅಣ್ಣ ಕೈಯಲ್ಲಿ ಹಿಡಿದು ತಿರುಗಿಸಿ, ಬೆನ್ನ ಮೇಲೆ ಡುಬ್ಬ ಇರಬೇಕಾದಲ್ಲಿ ಬೆರಳಾಡಿಸಿ ನೋಡಿದ. "ಇದಕ್ಕ ಹಿಣಿಲ ಎಲ್ಲೈತಿ? ಇದು ಜರ್ಸಿ. ಹಾಲು ಕರಕೋರಿ," ಎಂದು ಅವಳ ಕೈಗೇ ಕೊಟ್ಟ.

ನಾನು ನಕ್ಕೆ. ಅವಳೂ ನಕ್ಕಳು. ನಕ್ಕು ಒಳಗೆ ಹೋಗಿ ತಾಟು ಮುಚ್ಚಿಟ್ಟಳು.

ಒಂದು ಮಧ್ಯಾಹ್ನ ಅವಳು ಫೋನು ಹಿಡಿದು ನನ್ನ ಹತ್ತಿರ ಬಂದಳು. ಹಳೆಯ ಸಾಮಾನು ಮಾರುವವರು ಫೋನಿನಲ್ಲಿ ಚಿತ್ರ ಹಾಕಿ ಕೆಳಗೆ ಬರೆಯುತ್ತಾರಂತೆ. ಹಳೆಯ ಗೊಂಬೆ, ತೊಟ್ಟಿಲು, ತಗಡಿನ ಮೋಟಾರು, ಏನೆಲ್ಲ. ಅದನ್ನು ಕೂಡಿಹಾಕುವ ಮಂದಿಯೂ ಇದ್ದಾರಂತೆ.

"ಅತ್ತೀ, ಶಿಗ್ಗಾಂವಿ ಅಂಗಡಿಯಾಂವ ಹಾಕ್ಯಾನ ನೋಡ್ರಿ. ಎತ್ತಿನ ಮಾರಿ ನಮ್ಮದರಂಗನ ಐತಿ."

ನಾನು ಎರಡನೇ ಇಯತ್ತೆ ಮುಗಿಸಿದವಳಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅಪರೂಪದ ಕಟ್ಟಿಗೆಯ ಎತ್ತು, ಸವಣೂರು ನವಾಬರ ಕಾಲದ್ದು, ಅಸಲಿ ಬಣ್ಣ, ಒಂದೇ ಪೀಸು, ಬೆಲೆ ತಿಳಿದವರು ಮಾತ್ರ ಕೇಳಬೇಕು. ಹೀಗೆ ಬರೆದಿತ್ತು. ಚಿತ್ರ ಬರೀ ಮುಖದ್ದು. ಕೊಂಬು, ಹಣೆ, ಅಷ್ಟೇ.

"ನವಾಬ ಎತ್ತು ತಗೊಂಡು ಏನ್ ಮಾಡತಿದ್ನವಾ, ಕುಂಟಿ ಹೊಡೀತಿದ್ನೇನು?"

"ಅದೆಲ್ಲಾ ಹಂಗ ಬರದಿರತಾರ್ರಿ. ನಮಗ ಎತ್ತು ಸಿಕ್ರ ಸಾಕಲ್ರಿ."

ಫೋನು ಹಚ್ಚಿದಳು. ನನಗೂ ಕೇಳುವ ಹಾಗೆ ಜೋರು ಮಾಡಿ ನಡುವೆ ಇಟ್ಟಳು. ಗಂಡಸಿನ ದನಿ, ಬೆಣ್ಣೆ ಹಚ್ಚಿದಂತಿತ್ತು.

"ಎಡದ್ದೋ ಬಲದ್ದೋ?" ಎಂದು ನಾನು ಕೇಳಿದೆ.

"ನಿಮಗ ಯಾವುದು ಬೇಕ್ರಿ ಆಯಿ?"

"ಎಡದ್ದು."

"ಎಡದ್ದ ಐತ್ರಿ."

ದನದ ಸಂತೆಯಲ್ಲಿ ದಲ್ಲಾಳಿ ಹೀಗೆ ಮಾತಾಡಿದ್ದರೆ ನಾನು ಸೆರಗು ಕೊಡವಿ ಎದ್ದು ಬರುತ್ತಿದ್ದೆ. ಸೊಸೆಗೆ ಅಷ್ಟು ತಿಳಿಯದು. "ನಮ್ಮದೂ ಒಂದು ಇತ್ರಿ, ಮನಿ ಕೆಡವಿದಾಗ ಹೋತು, ನಮ್ಮದು ಹಿರೇಕೆರೂರು ಕಡೆ," ಎಂದು ಬಾಯಿ ಬಿಟ್ಟಳು.

"ಅದನ ಮತ್ತ. ಇದು ಹಿರೇಕೆರೂರು ಕಡಿಯಿಂದನ ಬಂದದ್ರಿ ಅಕ್ಕಾರ. ನಿಮ್ಮದನ ಇದ್ರೂ ಇದ್ದೀತು."

ನವಾಬರು ಅಲ್ಲಿಗೇ ಬಿದ್ದುಹೋದರು. ಪೂರಾ ಮೈಯ ಚಿತ್ರ ಕಳಿಸು ಎಂದೆ. ಬೆಳಕು ಚಲೋ ಇಲ್ಲ, ನಾಳೆ ಕಳಿಸುತ್ತೇನೆ ಎಂದ. ಹೊರಗೆ ಬಿಸಿಲು ರಣಗುಟ್ಟುತ್ತಿತ್ತು. ಶಿಗ್ಗಾಂವಿಯಲ್ಲಿ ಬೇರೆ ಸೂರ್ಯ ಇರುವನೇನು ಎಂದು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹೇಳಿದ ನಾನೂ ಅಲ್ಲಿಗೇ ಬಿಟ್ಟೆ. ಪಡಸಾಲೆಯಲ್ಲಿ ಅಣ್ಣನ ಕೊರಳೆಲುಬು ಕಾಣುತ್ತಿತ್ತು.

ಚಿತ್ರ ಬಂತು, ಕೆಳಗೆ ಎಡದ ಎತ್ತು ಎಂದು ಬರೆದಿತ್ತು. ಎಡ ಮಗ್ಗುಲು. ಕೆಂಪು ಜೂಲು, ಹಸಿರು ಅಂಚು, ನಡುವೆ ಹಳದಿ ಚುಕ್ಕೆ. ನಮ್ಮದರ ಜೂಲೂ ಕೆಂಪೇ. ಸೊಸೆ ಆಗಲೇ ಫೋನಿನಲ್ಲಿ ಹಣ ಹಾಕಿದಳು. ಎಷ್ಟು ಹಾಕಿದಳೆಂದು ನಾನು ಕೇಳಲಿಲ್ಲ. ಎತ್ತು ಬರುತ್ತದೆ ಎಂದು ಅಣ್ಣನಿಗೆ ಹೇಳಿದೆವು. ಅವತ್ತು ಸಂಜೆ ಅವನು ಬಾಗಿಲ ಕಡೆ ಮುಖ ಮಾಡಿ ಕೂತ. ಮರುದಿನವೂ ಹಾಗೆಯೇ ಕೂತ.

ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದ್ದ. ಅಣ್ಣನ ಮಗ ಹಿರೇಕೆರೂರು ಸ್ಟ್ಯಾಂಡಿನಿಂದ ತಂದು ಕಟ್ಟೆಯ ಮೇಲೆ ಇಟ್ಟ. ಹುಲ್ಲು, ಹಳೆ ಪೇಪರು ಬಿಚ್ಚಿದೆವು. ಎತ್ತು ನೋಡಲಿಕ್ಕೆ ಚೆಂದವಿತ್ತು. ನನ್ನ ಒಂದು ಕಣ್ಣಿಗೆ ಪೊರೆ ಬಂದಿದೆ. ಇನ್ನೊಂದರಲ್ಲಿ ನೋಡಿದೆ, ಚೆಂದವೇ ಇತ್ತು. ಸೊಸೆ ಅದನ್ನು ಒಳಗೆ ಒಯ್ಯಲು ಎತ್ತಿಕೊಂಡಳು.

"ಏ, ನಿಂದ್ರು," ಎಂದು ಅಣ್ಣ ಪಡಸಾಲೆಯಿಂದ ಕೂಗಿದ. ಆ ದನಿ ಎಷ್ಟೋ ದಿನದಿಂದ ಕೇಳಿರಲಿಲ್ಲ. "ಕಾಲಿಗೆ ನೀರು ಹಾಕದ ಹಂಗ ಒಳಗ ತರ್ತಾರೇನು? ರೈತರ ಮನ್ಯಾಗ ಹುಟ್ಟಿಲ್ಲೇನ್ ನೀನು?"

ಹೌದು. ಕೊಂಡ ಎತ್ತು ಮೊದಲ ಸಲ ಮನೆಗೆ ಬಂದರೆ ಬಾಗಿಲಲ್ಲಿ ಕಾಲು ತೊಳೆದು, ಕುಂಕುಮ ಹಚ್ಚಿ, ಆರತಿ ಮಾಡಿಯೇ ಒಳಗೆ ಕರೆದುಕೊಳ್ಳಬೇಕು. ಅದು ಗೊಂಬೆ ಎಂದು ನಮಗ್ಯಾರಿಗೂ ಆ ಹೊತ್ತಿಗೆ ಅನ್ನಿಸಲಿಲ್ಲ. ಸೊಸೆ ತಂಬಿಗೆ ತಂದಳು. ಅಣ್ಣ ಗೋಡೆ ಹಿಡಿದು ಎದ್ದು ಬಂದು ತಾನೇ ತಂಬಿಗೆ ಇಸಿದುಕೊಂಡ. ಕಾಲಿಗಷ್ಟೇ ಅಲ್ಲ, ಹಿಣಿಲಿನ ಮೇಲಿಂದ ನೀರು ಬಿಟ್ಟು ಅಂಗೈಯಿಂದ ಮೈ ತಿಕ್ಕತೊಡಗಿದ. ಅವನ ಮುಖ ನೋಡುವಂತಿತ್ತು. ಒಳಗೆ ರೊಟ್ಟಿ ಬಡಿಯಲಿಕ್ಕೆ ಹಿಟ್ಟು ನಾದಿಡು ಎಂದು ಸೊಸೆಗೆ ಸನ್ನೆ ಮಾಡಿದೆ.

ಕೆಂಪು ನೀರು ಇಳಿಯಿತು. ಆಮೇಲೆ ಹಸಿರು. ಕಟ್ಟೆಯ ಕಲ್ಲಿನ ಮೇಲೆ ಹರಿದು ಅಂಗಳಕ್ಕೆ ಹೋಯಿತು. ಜೂಲು ಪೂರಾ ಹೋಯಿತು. ಕೆಳಗೆ ಕೊರೆದ ಗೆರೆ ಒಂದೂ ಇರಲಿಲ್ಲ, ಬರಿ ನುಣ್ಣನೆಯ ಕಟ್ಟಿಗೆ. ಅಣ್ಣ ಎತ್ತನ್ನು ಹೊರಳಿಸಿ ಬಲ ಮಗ್ಗುಲು ತಿಕ್ಕಿದ. ಅಲ್ಲಿ ಮೇಲೆ ಬಳಿದ ಕಂದು ಬಣ್ಣ ಬಿಟ್ಟು ಒಳಗಿಂದ ಹಳೆಯ ಜೂಲಿನ ಗೆರೆಗಳು ಎದ್ದುಬಂದವು. ಬಲದ ಎತ್ತಿಗೆ ಎಡದ ವೇಷ ಹಾಕಿ ಕಳಿಸಿದ್ದ.

ಮಕ್ಕಳ ಹೆಸರು ಮರೆತ ಮನುಷ್ಯ, ಇದೂ ಗೊತ್ತಾಗಲಿಕ್ಕಿಲ್ಲ ಎಂದು ನಾನು ಬಗೆದೆ. ಅಣ್ಣ ಅದನ್ನು ಒಳಗೆ ತಂದು ತನ್ನ ಎತ್ತಿನ ಎಡಕ್ಕೆ ನಿಲ್ಲಿಸಿದ. ಅವನ ಎತ್ತು ಬಂದದ್ದರ ಕಡೆ ನೋಡುತ್ತಿತ್ತು. ಬಂದದ್ದು ಗೋಡೆಯ ಕಡೆ ನೋಡುತ್ತಿತ್ತು.

"ಇದು ಬಲದ್ದು," ಎಂದ.

"ಇರ್ಲಿ ತಗೋ. ಎತ್ತು ಎತ್ತನ. ಉಣ್ಣೇಳು," ಎಂದೆ.

"ಇದರ ಜೋಡಿ ಎಲ್ಲಿ ನಿಂತೈತೋ. ಯಾರದೋ ಜೋಡಿ ಅಗಲಿಸಿ ತಂದೀರಿ. ಆ ಮನಿಯವರು ಉಣದ ಕುಂತಿರತಾರ." ಸೊಸೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. "ಹೋಗು, ಕೊಟ್ಟು ಬಾ."

ಹಿಂದೆ ತನ್ನ ಎತ್ತಿಗಾಗಿ ಉಣ್ಣುತ್ತಿರಲಿಲ್ಲ. ಈಗ ಮಂದಿಯ ಎತ್ತಿಗಾಗಿಯೂ ಉಣ್ಣದಾದ. ನಾವು ದುಡ್ಡು ಕೊಟ್ಟು ತಂದದ್ದು ಈ ಇನ್ನೊಂದು ಉಪವಾಸ.

ಮರುದಿನ ಎತ್ತನ್ನು ಪಂಜೆಯಲ್ಲಿ ಸುತ್ತಿಕೊಂಡು ಶಿಗ್ಗಾಂವಿಗೆ ಹೋದೆ. ಕೇಳಿ ಕೇಳಿ ಅಂಗಡಿ ಹುಡುಕಿದೆ. ಹಳೆಯ ಬಾಗಿಲು, ತೊಟ್ಟಿಲು, ಹಿತ್ತಾಳೆಯ ಕೊಡಗಳು ಗೋಡೆಗೆ ಒರಗಿದ್ದವು. ಮನೆ ಕೆಡವಿದ ದಿನ ಅಂಗಳದಲ್ಲಿ ಬೀಳುವಂಥ ಸಾಮಾನು. ಅಂಗಡಿಯವನು ಹರೆಯದವನೇ. ಕುರ್ಚಿ ಕೊಟ್ಟ, ಚಹಾ ತರಿಸಿದ. ನಾನು ಪಂಜೆ ಬಿಚ್ಚಿದೆ. ಅವನು ಎತ್ತು ನೋಡಿ ತಲೆ ಹಿಡಿದುಕೊಂಡ.

"ಏನ್ ಮಾಡೀರಿ ಆಯಿ ಇದನ್ನ? ಇಂಥಾ ಸಾಮಾನಿಗೆ ಯಾರರ ನೀರು ಹಾಕ್ತಾರೇನ್ರಿ?"

"ಎತ್ತು ಮನಿಗೆ ಬಂದ್ರ ಕಾಲು ತೊಳೀದ ಒಳಗ ಕರಕೊಂತಾರೇನೋ ತಮ್ಮಾ?"

"ಅದು ಗೊಂಬಿ, ಆಯಿ."

"ಗೊಂಬಿ ಅಂತ ಬರದಿದ್ದೇನು? ಎಡದ ಎತ್ತು ಅಂದಿ. ಅಸಲಿ ಬಣ್ಣ ಅಂದಿ. ಅಸಲಿ ಬಣ್ಣ ನಮ್ಮ ಅಂಗಳದಾಗ ಹರದು ಹೋತು."

"ಸ್ವಲ್ಪ ರಿಪೇರಿ ಆಗೈತಿ ಅಂತ ಕೆಳಗ ಬರದಿದ್ದೆನ್ರಿ. ನೀವು ಓದಿಲ್ಲ. ನೀರು ಬಿದ್ದ ಮಾಲು ನಾ ತಿರುಗಿ ತಗೊಳ್ಳಾಂಗಿಲ್ಲ."

"ರಿಪೇರಿ ಅಂದ್ರ ಮುರದದ್ದು ಕೂಡಸೂದು. ನೀ ಬಲದ್ದು ಎಡಾ ಮಾಡೀದಿ. ಅದಕ್ಕ ಏನಂತಾರ ಶಿಗ್ಗಾಂವ್ಯಾಗ?"

ಅವನು ನಕ್ಕ. ಸಿಟ್ಟಿಗೇಳದವನ ಜತೆ ಜಗಳ ಮಾಡುವುದು ಕಷ್ಟ. "ಎಲ್ಲಾರೂ ಹಂಗ ಬರೀತಾರ ಆಯಿ. ಇದ್ದದ್ದು ಇದ್ದಂಗ ಬರದ್ರ ಯಾರ್ ತಗೋತಾರ್ರಿ? ಸಿಟಿ ಮಂದಿ ಎಡಾ ಬಲಾ ಕೇಳಾಂಗಿಲ್ಲ. ಕೇಳಿದವ್ರು ನೀವ ಮೊದಲನೇವ್ರು."

ಹಣ ಬೇಡ ಎಂದೆ. ಯಾರ ಮನೆಯದು ಹೇಳು, ಅಷ್ಟು ಸಾಕು ಎಂದೆ. ಆಗ ಅವನ ಮುಖದ ಬೆಣ್ಣೆ ಕರಗಿತು. ನಿಜ ಹೇಳಿದ. ಹಿರೇಕೆರೂರಿನದಲ್ಲ, ನವಾಬರದೂ ಅಲ್ಲ. ಸವಣೂರಿನ ಒಕ್ಕಲು ಮನೆಯೊಂದರದು. ಮನೆ ಕೆಡವಿದಾಗ ತೊಲೆಗಳ ಜತೆ ಬಂದದ್ದು. ಜೋಡಿಯೇ ಬಂದಿತ್ತು. ಎಡದ್ದನ್ನು ಹೆದ್ದಾರಿಯ ಹೋಟೆಲಿನವರು ಒಯ್ದರಂತೆ.

"ಜೋಡಿ ಯಾಕ ಮುರದಿ?"

"ಅವರ ಗ್ವಾಡಿ ಮ್ಯಾಲೆ ಒಂದಕ್ಕ ಜಾಗಾ ಇತ್ರಿ," ಎಂದ.

ಚಹಾ ಆರಿತ್ತು. ಕುಡಿಯದೆ ಎದ್ದೆ. ಅವನು ಬಂದು ಸವಣೂರು ಬಸ್ಸು ತೋರಿಸಿ, ಓಣಿಯ ಗುರುತು ಹೇಳಿ ಹತ್ತಿಸಿದ.

ಕೊಡುವ ಮನೆಯೇ ಇಲ್ಲವೆಂದು ಗೊತ್ತಿದ್ದೂ ಸವಣೂರಿಗೆ ಹೋದೆ. ಹೋಗದೆ ಹೋಗಿ ಬಂದೆನೆಂದು ಹೇಳಿದರೆ ಅಣ್ಣ ಕಂಡುಹಿಡಿಯುತ್ತಾನೆಂದು ನನಗೆ ಹೆದರಿಕೆ. ಓಣಿ ಸಿಕ್ಕಿತು. ಎರಡು ಮನೆಗಳ ನಡುವೆ ಹಲ್ಲು ಬಿದ್ದಂತೆ ಬಯಲು ಜಾಗ. ಜಲ್ಲಿಕಲ್ಲು ಹಾಕಿದ್ದರು. ಪಕ್ಕದ ಕಟ್ಟೆಯ ಮೇಲೆ ನನ್ನ ವಯಸ್ಸಿನ ಒಬ್ಬ ಮುಸಲ್ಮಾನರ ಹೆಂಗಸು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಬಿಸಲಾಗ ಯಾಕ ನಿಂತೀರಿ ಅಕ್ಕಾ, ಬರ್ರಿ. ಯಾರು ಬೇಕಾಗಿತ್ತು?"

ಪಂಜೆ ಬಿಚ್ಚಿ ತೋರಿಸಿದೆ. ಅವಳು ಎತ್ತನ್ನು ಕೈಗೆ ತೆಗೆದುಕೊಂಡಳು. "ಇದು ಆ ಮನೀದು. ಗ್ವಾಡ್ಯಾಗಿನ ಮಾಡದಾಗ ಎರಡೂ ಇರತಿದ್ವು. ನಮ್ಮ ಹುಡುಗ್ರು ಕೇಳಿದ್ರ ಆ ಮುದುಕ ಮುಟ್ಟಾಕ ಕೊಡತಿರಲಿಲ್ಲ ನೋಡ್ರಿ."

"ಮುದುಕ ಎಲ್ಲದಾನ?"

"ತೀರಕೊಂಡ, ಗುಜರಿ ಹೋದ. ಮಕ್ಕಳು ಜಾಗಾ ಮಾರಿ ಹುಬ್ಬಳ್ಳಿ ಸೇರಿದ್ರು."

ಅಣ್ಣನ ಸಂಗತಿ ಹೇಳಿದೆ. ಅವಳು ನಗಲಿಲ್ಲ. ನಮ್ಮವರೂ ಹಾಗೆಯೇ ಇದ್ದರು, ಕೊನೆಗೆ ಎಮ್ಮೆಯ ಹೆಸರು ಹಿಡಿದು ನನ್ನನ್ನು ಕರೆಯುತ್ತಿದ್ದರು ಎಂದಳು. ಎತ್ತನ್ನು ತನ್ನ ಮನೆಯ ಗೋಡೆಯಲ್ಲಿನ ಗೂಡಿನಂಥ ಮಾಡದಲ್ಲಿ ಇಟ್ಟಳು. ಆ ಮನೆಯವರು ಯಾರಾದರೂ ಬಂದರೆ ಕೊಡುತ್ತೇನೆ ಎಂದಳು. ಯಾರೂ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಒಲ್ಲೆನೆಂದೆ.

"ಹಸಗೊಂಡು ಬಂದವ್ರನ್ನ ಹಂಗ ಕಳಸಿದ್ರ ನಾ ಉಣ್ಣೂದು ಹ್ಯಾಂಗ?" ಎಂದಳು.

ಇಬ್ಬರೂ ಕೂತು ಉಂಡೆವು.

ಹಳ್ಳಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಣ್ಣ ಬಾಗಿಲ ಕಡೆಗೇ ಮುಖ ಮಾಡಿದ್ದ.

"ಕೊಟ್ಟೇನು?"

"ಕೊಟ್ಟೆ."

"ಉಂಡ್ರೇನು ಅವ್ರು?"

"ಉಂಡ್ರು. ರೊಟ್ಟಿ, ಪುಂಡಿಪಲ್ಯ. ನನ್ನ ಕಣ್ಣ ಮುಂದನ ಉಂಡ್ರು."

ಅವನು ನನ್ನ ಬಾಯನ್ನೇ ನೋಡಿದ. "ಎಡದ್ದು ಇತ್ತೇನು ಅಲ್ಲೆ?"

"ಇತ್ತು," ಎಂದೆ. "ಗೋದಲ್ಯಾಗ ಎರಡೂ ಕೂಡಿ ನಿಂತ್ವು."

ಶಿಗ್ಗಾಂವಿಯವನು ಬರೆದದ್ದಕ್ಕಿಂತ ಇದೇನು ಬಹಳ ಖರೆಯಲ್ಲ. ಸೊಸೆ ತಾಟು ತಂದಳು. ಅಣ್ಣ ಕೈ ತೊಳೆದುಕೊಂಡ. ಅರ್ಧ ರೊಟ್ಟಿ ಹಾಲಿನಲ್ಲಿ ಕಿವುಚಿ ಉಂಡ, ಮೇಲೆ ಒಂದಿಷ್ಟು ಅನ್ನ ಮಜ್ಜಿಗೆ ಉಂಡ. ಸೊಸೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುವುದಾದರೆ ಒಳಗೆ ಹೋಗಿ ಅಳು, ಅವನ ಕೈ ನಿಂತೀತು ಎಂದು ಗದರಿದೆ.

ಮರುದಿನ ಸಂಜೆ ಅಣ್ಣ ತನ್ನ ಎತ್ತು ಮುಂದಿಟ್ಟುಕೊಂಡು, "ಎಡದ್ದು ಇನ್ನಾ ಬಂದಿಲ್ಲ," ಎಂದ. ನಾನು ಶಿಗ್ಗಾಂವಿಗೆ ಹೋದದ್ದು, ಸವಣೂರಿಗೆ ಹೋದದ್ದು, ಹೇಳಿದ ಸುಳ್ಳು, ಎಲ್ಲವನ್ನೂ ಮರೆತಿದ್ದ. ಮತ್ತೆ ಹೇಳಿದೆ. ಮಂದಿಯ ಎತ್ತು ಮನೆ ಮುಟ್ಟಿದರೆ ನನಗೇನು, ನನ್ನದೆಲ್ಲಿ ಎಂದ. ಸೊಸೆ ಫೋನಿನಲ್ಲಿ ಹುಡುಕುತ್ತಲೇ ಇದ್ದಳು. ಎಷ್ಟೋ ಎತ್ತುಗಳು ಬಂದವು, ಎಲ್ಲದರ ಕೆಳಗೂ ಅಪರೂಪದ್ದು ಎಂದೇ ಬರೆದಿತ್ತು. ಯಾವುದನ್ನೂ ತರಿಸಲು ನಾನು ಬಿಡಲಿಲ್ಲ.

ಗೋವಿನಜೋಳ ಒಕ್ಕುವ ದಿನಗಳಲ್ಲಿ ಅವನು ಹೋದ. ದವಾಖಾನೆಯವರು ಮೂಗಿನಲ್ಲಿ ನಳಿಗೆ ಹಾಕಿ ಗಂಜಿ ಬಿಡುತ್ತೇವೆ ಎಂದಿದ್ದರು, ಮಗ ಬೇಡವೆಂದ. ನನ್ನನ್ನು ಕೇಳಿದ್ದರೆ ನಾನೂ ಬೇಡವೆನ್ನುತ್ತಿದ್ದೆ. ಕಡೆಯ ದಿನಗಳಲ್ಲಿ ಎತ್ತನ್ನೂ ಕೇಳಲಿಲ್ಲ. ಬಾಗಿಲ ಕಡೆ ಮುಖ ಮಾಡುವುದನ್ನೂ ಬಿಟ್ಟ.

ಮಣ್ಣು ಕೊಟ್ಟು ಬಂದವರಿಗೆ ಮಗ್ಗುಲ ಮನೆಯವರು ಅನ್ನ ಸಾರು ಮಾಡಿ ತಂದಿದ್ದರು. ಗಂಡಸರು ಉಂಡರು. ಆಮೇಲೆ ಹೆಂಗಸರು ಕೂತರು. ಸೊಸೆ ತುತ್ತು ಕಲಸಿಕೊಂಡು ಸುಮ್ಮನೆ ಕೂತಿದ್ದಳು. ಉಣ್ಣು ಎಂದೆ. ನೀವು ಉಣ್ಣಿರಿ ಎಂದಳು. ನಾನು ಉಂಡೆ. ಹಸಿವೆಯಾಗಿತ್ತು.